ಅರವತ್ತೊಂದನೆಯ ವಾರ

ಎರಡು ವರ್ಷ, ಮಂಗಳವಾರ ಮಂಗಳವಾರ, ಇಳಿತದ ಹೊತ್ತಿಗೆ
ಈ ಹುಡುಗಿಯನ್ನು ದೋಣಿಯಲ್ಲಿ ಕೂರಿಸಿಕೊಂಡು
ಚಿಲೊಯೆಯ ಒಳಗಡಲಿಗೆ ಹೋದವನು ನಾನು, ಎಲೆಯೊದೋರೊ.
ಮೂರು ತೇಲುಬುರುಡೆ, ಮೂರು ಜಾಗ.
ಅವಳ ಬಲೆಯ ಕಣ್ಣು ಎಷ್ಟು ಸಣ್ಣದೆಂದರೆ
ನನ್ನಜ್ಜ ಕಂಡಿದ್ದರೆ ಕೇಳುತ್ತಿದ್ದ:
ಇದರಲ್ಲಿ ಹಿಡಿಯುವುದೇನು ಮಗಳೇ, ನೀರನ್ನೇ?

ಹೌದು, ನೀರನ್ನೇ.
ಎಳೆದು, ತೊಳೆದು, ಶೀಶೆಗೆ ಸುರಿದು,
ಕಂದು ಮದ್ದು ನಾಲ್ಕು ಹನಿ ಬಿಟ್ಟು
ಚೀಟಿಯ ಮೇಲೆ ತಾರೀಖು ಬರೆಯುವಳು.
ಬೆರಳು ಮರಗಟ್ಟಿದರೆ
ಪೆನ್ಸಿಲ್ಲು ಹಲ್ಲಲ್ಲಿ ಕಚ್ಚಿ ಕೈಗೆ ಊದಿಕೊಳ್ಳುವಳು.
ಶಾಯಿ ಒದ್ದೆಗೆ ಓಡಿಹೋಗುತ್ತದೆ, ಪೆನ್ಸಿಲ್ಲು ನಿಲ್ಲುತ್ತದೆ.
ಓದಿದವರಿಂದ ನಾನು ಕಲಿತ ಮೊದಲ ಪಾಠ ಅದು.

ಆಯೆಲೆನ್ ಅವಳ ಹೆಸರು. ಹಿಮ ಬೀಳುವ ಬೆಟ್ಟದ ಸೀಮೆಯವಳು.
ಮೊದಲ ತಿಂಗಳು ವಾಂತಿಯನ್ನೂ ಲೆಕ್ಕಕ್ಕೆ ಹಾಕಿದ್ದಳು:
'ಗಾಳಿ ಬಡಗಣದ್ದು. ಅಲೆ ಒಂದು ಮೀಟರು. ನಾನು, ಎರಡು ಸಲ.'
ಆಮೇಲಿಂದ ಎದುವೀನ, ನನ್ನ ಹೆಂಡತಿ,
ಆಲೂಗಡ್ಡೆ ತುರಿದು ಹಿಂಡಿ ಬೇಯಿಸಿದ ಮಿಲ್ಕಾವೊ
ಬಟ್ಟೆಯಲ್ಲಿ ಸುತ್ತಿ ಕಳಿಸತೊಡಗಿದಳು.
ಖಾಲಿ ಹೊಟ್ಟೆ ಕಂಡರೆ ಕಡಲು ಒಳಗೆ ನುಗ್ಗುತ್ತದೆ ಅನ್ನುವಳು.

ನಲವತ್ತನಾಲ್ಕನೆಯ ವಾರ, ಮಾರ್ಚಿಯಲ್ಲಿ,
ಅವಳ ಗಾಜಿನ ಕೆಳಗೆ ಸರಪಳಿ ಸರಪಳಿಯಾಗಿ ಬಂತು
ಕೆಂಪು ಉಬ್ಬರ.
ಅವಳು ಎಣಿಸಿದಳು, ಫೋನು ಮಾಡಿದಳು, ತೀರ ಮುಚ್ಚಿತು.
ಚಿಪ್ಪು ಹೆಕ್ಕುವವರ ಬುಟ್ಟಿಗಳು ಬೋರಲಾದವು.
ಎಣಿಸಿದ್ದರಿಂದಲೇ ಬಂತೇನೋ ಎಂಬಂತೆ
ಧಕ್ಕೆಯ ಜನ ಅವಳನ್ನು ನೋಡಿದರು.
ನೆರೆಮನೆಯ ನಾವೆಲ್ಕಿನ್ ನನ್ನ ಜತೆ ಮಾತು ಬಿಟ್ಟ.
ಎದುವೀನ ಮಾತ್ರ, ಒಲೆಯ ಮೇಲೆ ಕುದಿಯುತ್ತಿದ್ದ ಪಾತ್ರೆ
ಹಾಗೇ ಎತ್ತಿ ಹಿತ್ತಲ ಗುಂಡಿಗೆ ಸುರಿದಳು.
ಕುದಿಸಿದರೂ ಸಾಯದ ವಿಷವಂತೆ ಕಣೋ,
ಹುಡುಗಿ ಹೇಳಿದ್ದಾಳೆ.

ಜುಲೈಯಲ್ಲಿ ಎದುವೀನ ಹೋದಳು. ವಿಷದಿಂದಲ್ಲ, ಶ್ವಾಸದಿಂದ.
ಸೋಮವಾರ ರಾತ್ರಿ.

ಬೆಳಗ್ಗೆ ಶೀಶೆಗಳ ಪೆಟ್ಟಿಗೆ ಹೊತ್ತು ಧಕ್ಕೆಗೆ ಬಂದವಳು
ಕಟ್ಟಿದ ಹಗ್ಗ ಬಿಚ್ಚದ ದೋಣಿ ನೋಡಿದಳಂತೆ.
ನಾವೆಲ್ಕಿನ್‌ನ ಮಗ ನಾನು ಕರೆದೊಯ್ಯುತ್ತೇನೆ ಅಂದನಂತೆ.
ಇದೆಲ್ಲ ನನಗೆ ತಿಳಿದದ್ದು ಆಮೇಲೆ.
ನನಗೆ ನೆನಪಿರುವುದು ಇಷ್ಟೇ:
ಅಡುಗೆಮನೆಯಲ್ಲಿ ಹೆಂಗಸರ ನಡುವೆ
ಒಬ್ಬಳು ತಲೆ ತಗ್ಗಿಸಿ ಆಲೂಗಡ್ಡೆ ಸುಲಿಯುತ್ತಿದ್ದಳು,
ಕತ್ತಲಾಗುವವರೆಗೆ, ದಪ್ಪ ದಪ್ಪ ಸಿಪ್ಪೆ,
ಅಭ್ಯಾಸವಿಲ್ಲದ ಕೈ.

ಪೋರ್ತೊ ಮೊಂತ್‌ನಲ್ಲಿ ಅವಳ ಪರೀಕ್ಷೆಯ ದಿನ
ಹಿಂದಿನ ಸಾಲಿನಲ್ಲಿ ಕೂತಿದ್ದೆ, ಶವಯಾತ್ರೆಯ ಕೋಟು ತೊಟ್ಟು.
ಇರುವುದು ಅದೊಂದೇ.
ಗೋಡೆಯ ಮೇಲೆ ನಮ್ಮ ಎರಡು ವರ್ಷ
ಒಂದು ಗೆರೆಯಾಗಿ ಏರಿತು, ಇಳಿಯಿತು,
ಒಂದು ಕಡೆ ಕಡಿಯಿತು. ಕಿರುಬೆರಳಿನಷ್ಟು.

'ಅರವತ್ತೊಂದನೆಯ ವಾರ ಏನಾಯಿತು? ಹವೆಯೇ?'
ಪ್ರೊಫೆಸರರು ಕನ್ನಡಕ ಏರಿಸಿದರು.
'ಆಚೀಚೆಯ ಅಂಕಿ ಹಿಡಿದು ತುಂಬಿಸಬಹುದಿತ್ತಲ್ಲ,
ತಪ್ಪೇನಿಲ್ಲ, ಎಲ್ಲರೂ ಮಾಡುತ್ತಾರೆ.'

'ಅವತ್ತು ದೋಣಿ ಹೊರಡಲಿಲ್ಲ,' ಅಂದಳು.
ನೀರು ಕುಡಿದಳು.
'ಅವತ್ತು ಕಡಲಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ ಸರ್.
ಹಾಗೇ ಬಿಟ್ಟಿದ್ದೇನೆ.'

ನನ್ನತ್ತ ನೋಡಲಿಲ್ಲ. ಒಳ್ಳೆಯದಾಯಿತು.
ಅವರು ಏನೋ ಗೀಚಿಕೊಂಡು ಮುಂದಿನ ಪ್ರಶ್ನೆಗೆ ಹೋದರು,
ನನಗೆ ಅರ್ಥವಾಗದ್ದು, ಉಪ್ಪಿನಂಶ, ಬೆಳಕು, ಮತ್ತೇನೋ.
ನಾನು ಆ ಕಿರುಬೆರಳಿನ ಜಾಗದಲ್ಲೇ ಕೂತಿದ್ದೆ.
ಚಿತ್ರ ಬದಲಾದ ಮೇಲೂ.

ಪಾಸಾದಳು. ಬೆಟ್ಟಕ್ಕೆ ಹೋದಳು, ತಾಯಿಯನ್ನು ನೋಡಲು.
ಮಾರ್ಚಿಗೆ ಇನ್ನೊಬ್ಬ ಬರುತ್ತಾನಂತೆ, ಹುಡುಗ,
ಮಳೆಯನ್ನೇ ಕಾಣದ ಉತ್ತರದ ಮರುಭೂಮಿಯವನು.
ಅವನಿಗೆ ಪೆನ್ಸಿಲ್ಲಿನ ವಿಷಯ ಹೇಳಬೇಕು.
ಅಷ್ಟರೊಳಗೆ ನಾನು
ಮಿಲ್ಕಾವೊ ಮಾಡುವುದು ಕಲಿಯಬೇಕು.
ಮೂರು ಸಲ ಮಾಡಿದೆ. ಒಡೆದುಹೋಗುತ್ತದೆ.
ಎಷ್ಟು ಹಿಂಡಬೇಕೆಂದು ಅವಳನ್ನು ಕೇಳಿಟ್ಟುಕೊಳ್ಳಲಿಲ್ಲ.